ಎಪ್ಪತ್ತಕ್ಕೆ ಎಷ್ಟು?

ಮೊನ್ನೆ ಆರ್.ಟಿ. ನಗರದಲ್ಲಿ ತಳ್ಳುಗಾಡಿಯವನ ಮುಂದೆ ನಿಂತು ಒಂದು ಮಾವಿನಹಣ್ಣನ್ನು ತಿರುಗಿಸಿ ನೋಡುತ್ತಿದ್ದೆ. ತೊಟ್ಟಿನ ಹತ್ತಿರ ಒಂದು ಕಪ್ಪು ಚುಕ್ಕೆ, ಹೊಟ್ಟೆಯ ಮೇಲೆ ಸಣ್ಣದೊಂದು ಗೀರು. "ಇದಕ್ಕೆ ಮೂವತ್ತೈದು" ಎಂದೆ. ಗಾಡಿಯವನು ಹಣ್ಣನ್ನು ನನ್ನ ಕೈಯಿಂದ ಕಿತ್ತುಕೊಂಡು, "ಮೂವತ್ತೈದಕ್ಕೆಲ್ಲ ಬರಲ್ಲ ಸಾರ್, ಕಿಲೋ ನೂರಿಪ್ಪತ್ತು. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ" ಎಂದ. ನಾನು ಹೇಳಿದ್ದು ಬೆಲೆಯಲ್ಲ, ಅಂಕ. ಎಪ್ಪತ್ತಕ್ಕೆ ಮೂವತ್ತೈದು ಎಂದರೆ ಅವನ ಹಣ್ಣಿಗೆ ನಾನು ದೊಡ್ಡ ಮರ್ಯಾದೆಯನ್ನೇ ಮಾಡಿದ್ದೆ. ಆದರೆ ಅದನ್ನು ವಿವರಿಸಲು ಅಮೆರಿಕದಿಂದ ಶುರು ಮಾಡಬೇಕಾಗುತ್ತಿತ್ತು. ಅಷ್ಟು ಹೊತ್ತು ಅವನು ನಿಲ್ಲಗೊಡುವ ಹಾಗೆ ಕಾಣಲಿಲ್ಲ.

ನೀವಾದರೆ ನಿಲ್ಲುತ್ತೀರಿ ಎಂಬ ಧೈರ್ಯದಿಂದ ಹೇಳುತ್ತೇನೆ. ಅಂಕ ಹಾಕುವ ಈ ಚಟ ನನಗೆ ಹೊಟ್ಟೆಪಾಡಿನಿಂದ ಅಂಟಿದ್ದು. ಗದಗಿನ ಕಡೆಯಿಂದ ಬಂದವನು ನಾನು. ಯಶವಂತಪುರದಾಚೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದೇ ನನ್ನ ಕೆಲಸ. ಹಸಿರು ಚೀಟಿ ಅಂಟಿಸಿದರೆ ಪಾಸು, ಕೆಂಪು ಅಂಟಿಸಿದರೆ ತಿರಸ್ಕೃತ. ನಿವೃತ್ತನಾದ ಮೇಲೆ ಚೀಟಿ ಅಂಟಿಸಲು ಏನೂ ಇಲ್ಲದೆ ಮನೆಯಲ್ಲಿ ಚಡಪಡಿಸತೊಡಗಿದೆ. ದೋಸೆಯ ಅಂಚು, ಪರದೆಯ ಹೊಲಿಗೆ, ಪಕ್ಕದ ಮನೆಯವರು ಬಳಿಸಿದ ಸುಣ್ಣ, ಯಾವುದನ್ನೂ ಬಿಡಲಿಲ್ಲ. ನನ್ನ ಹೆಂಡತಿ ಸರೋಜ ಯಲಹಂಕದ ಹಳೆಯ ಮನೆತನದವಳು, ಮಾತು ಕಮ್ಮಿ. ಅವಳೇ ಒಂದು ದಿನ, "ರೀ, ಹೊರಗೆ ಎಲ್ಲಾದ್ರೂ ಹೋಗಿ ತಪ್ಪು ಹುಡುಕಿ, ಪುಣ್ಯ ಬರತ್ತೆ" ಎಂದು ಕೈ ಮುಗಿದಳು.

ಹಾಗೆ ಹೊರಟವನು ಆರ್.ಟಿ. ನಗರದಲ್ಲಿ ಜಬ್ಬಾರ್ ಸಾಹೇಬರ ಕೈಗೆ ಸಿಕ್ಕಿಬಿದ್ದೆ. ಅವರದು ಕೈಗಡಿಯಾರ ರಿಪೇರಿ ಅಂಗಡಿ. ನಾಲ್ಕಡಿ ಅಗಲ, ಗೋಡೆಯ ತುಂಬ ಬೇರೆ ಬೇರೆ ಸಮಯ ತೋರಿಸುವ ಗಡಿಯಾರಗಳು. ಬಲಗಣ್ಣಿಗೆ ಸದಾ ಒಂದು ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುತ್ತಾರೆ. ಅದನ್ನು ತೆಗೆದರೆ ಗಿರಾಕಿಗಳಿಗೆ ಅವರ ಗುರುತೇ ಸಿಗುವುದಿಲ್ಲವಂತೆ. ಗಡಿಯಾರ ಅವರ ಕಸುಬು, ನಾಣ್ಯ ಅವರ ಪ್ರಾಣ. ಅದರಲ್ಲೂ ಟಿಪ್ಪುವಿನದಲ್ಲ, ಮೈಸೂರು ಅರಸರದಲ್ಲ, ಅಮೆರಿಕದವರು ಸ್ವತಂತ್ರರಾದ ಹೊಸತರಲ್ಲಿ ಅಚ್ಚು ಹಾಕಿದ ತಾಮ್ರದ ಸೆಂಟುಗಳು. ಇದೆಲ್ಲಿಯ ಹುಚ್ಚು ಸಾಹೇಬರೇ ಎಂದು ಕೇಳಿದರೆ, "ನಮ್ ಕಡೆ ನಾಣ್ಯ ನೋಡೋಕೆ ಸಾವಿರ ಜನ ಇದಾರೆ ಮಲ್ಲಣ್ಣ. ಪಾಪ, ಇವಕ್ಕೆ ಇಲ್ಲಿ ಯಾರಿದಾರೆ?" ಎನ್ನುತ್ತಾರೆ.

ಈ ಸೆಂಟುಗಳು ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದಿಷ್ಟು ಅಗಲ. ಒಂದು ಬದಿಯಲ್ಲಿ ಕೂದಲು ಇಳಿಬಿಟ್ಟ ಹೆಂಗಸಿನ ಮುಖ. ಅವಳೇ ಅವರ ಸ್ವಾತಂತ್ರ್ಯದೇವಿ. ಮೊಟ್ಟಮೊದಲ ವರ್ಷ ಹಿಂಬದಿಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿಯ ಚಿತ್ರ ಹಾಕಿದರಂತೆ. ಸ್ವತಂತ್ರ ದೇಶದ ದುಡ್ಡಿನ ಮೇಲೆ ಸರಪಳಿಯೇ ಎಂದು ಜನ ಮುಖ ಸಿಂಡರಿಸಿದ ಮೇಲೆ ಅದನ್ನು ಬಿಟ್ಟು ಎಲೆಬಳ್ಳಿ ಹಾಕಿದರು. ಆ ಸರಪಳಿಯ ಸೆಂಟು ಈಗ ಹರಾಜಿಗೆ ಬಂದರೆ, ಒಳ್ಳೆಯ ಸ್ಥಿತಿಯಲ್ಲಿದ್ದದ್ದಕ್ಕೆ ಆರ್.ಟಿ. ನಗರದಲ್ಲಿ ಮೂರಂತಸ್ತಿನ ಮನೆ ಬರುತ್ತದೆ. ಸವೆದು ಸಪ್ಪಗಾದದ್ದಕ್ಕೆ ಅದೇ ಮನೆಯ ಮುಂದೆ ನಿಲ್ಲಿಸುವ ಕಾರು ಬರಬಹುದು. ಮನೆಗೂ ಕಾರಿಗೂ ನಡುವಿನ ವ್ಯತ್ಯಾಸವನ್ನು ತೀರ್ಮಾನಿಸುವುದೇ ಅಂಕ.

ಈ ಅಂಕ ಒಂದರಿಂದ ಎಪ್ಪತ್ತರವರೆಗೆ. ಇದನ್ನು ಹುಟ್ಟಿಸಿದವನು ಇದೇ ತಾಮ್ರದ ಸೆಂಟುಗಳ ಹಿಂದೆ ಬಿದ್ದಿದ್ದ ಒಬ್ಬ ಅಮೆರಿಕದ ಮಹಾಶಯ. ಒಂದು ಅಂಕದ ನಾಣ್ಯಕ್ಕೆ ಒಂದು ಡಾಲರಾದರೆ ಎಪ್ಪತ್ತು ಅಂಕದ್ದಕ್ಕೆ ಎಪ್ಪತ್ತು ಡಾಲರು ಎಂಬುದು ಅವನ ಸರಳ ಲೆಕ್ಕ. ಆ ಲೆಕ್ಕ ಎಂದೋ ಹಳ್ಳ ಹಿಡಿದಿದೆ, ಅಂಕ ಮಾತ್ರ ಉಳಿದುಕೊಂಡಿದೆ. ನೂರು ಯಾಕಲ್ಲ ಎಂದು ಕೇಳಬೇಡಿ. ಮೂವತ್ತೈದಕ್ಕೆ ಪಾಸಾಗಿ ಬಂದ ನನಗೆ ಎಪ್ಪತ್ತರಲ್ಲೇ ಸಮಾಧಾನವಿದೆ.

ತಮಾಷೆಯೆಂದರೆ ಅಂಕಗಳಿಗೆ ಅವರಿಟ್ಟ ಹೆಸರುಗಳು. 'ಗುಡ್' ಎಂದರೆ ಎಪ್ಪತ್ತಕ್ಕೆ ನಾಲ್ಕು. ಹೆಂಗಸಿನ ಮುಖ ಹೋಗಿ ನೆರಳು ಮಾತ್ರ ಉಳಿದ ನಾಣ್ಯವದು. 'ಫೈನ್' ಎಂದರೆ ಹನ್ನೆರಡು. ಇದನ್ನು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಮರುದಿನ ಉಪ್ಪಿಟ್ಟು ತಿಂದು ಅಭ್ಯಾಸಬಲದಿಂದ "ಫೈನ್" ಎಂದೆ. ಸರೋಜ ಸೌಟು ಹಿಡಿದುಕೊಂಡೇ ಹೊರಬಂದು, "ಹನ್ನೆರಡಾ?" ಎಂದು ಕೇಳಿದಳು. ಅಂದಿನಿಂದ ನಾನು ಉಪ್ಪಿಟ್ಟಿನ ವಿಷಯದಲ್ಲಿ ಕೈಸನ್ನೆಯಿಂದಲೇ ಸಂತೋಷ ವ್ಯಕ್ತಪಡಿಸುತ್ತಿದ್ದೇನೆ.

ಸಾಹೇಬರ ಬಳಿ ಹಳೇ ಪೇಪರ್ ಅಂಗಡಿಯಿಂದ ಆರಿಸಿ ತಂದ ಅಮೆರಿಕದ ಹರಾಜಿನ ಕ್ಯಾಟಲಾಗುಗಳ ಒಂದು ರಾಶಿಯಿದೆ. ಅವನ್ನು ನಾವಿಬ್ಬರೂ ಕಾದಂಬರಿಯ ಹಾಗೆ ಓದುತ್ತೇವೆ. ಒಂದೊಂದು ನಾಣ್ಯಕ್ಕೂ ಒಂದೊಂದು ಪ್ಯಾರಾ. ಕಿವಿಯ ಹಿಂದೆ ಹಸಿರು ಕಿಲುಬಿನ ಒಂದು ಚುಕ್ಕೆ, ಗಲ್ಲದ ಕೆಳಗೆ ಹಳೆಯ ಗೀರು, ಬಣ್ಣ ಹದವಾದ ಕಂದು, ಮೊದಲು ಇಂಥವರ ಬಳಿ ಇತ್ತು, ಆಮೇಲೆ ಇಂಥವರ ಬಳಿ. ಹೆಣ್ಣು ನೋಡಿ ಬಂದವರು ಕೂಡ ಇಷ್ಟು ಕೂಲಂಕಷವಾಗಿ ವರ್ಣಿಸಲಾರರು. ಸಾಹೇಬರು ಬೆಲೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, "ಹೇಳಿ ಮಲ್ಲಣ್ಣ, ಎಷ್ಟಕ್ಕೆ ಹೋಗಿರತ್ತೆ?" ಎನ್ನುತ್ತಾರೆ. ನಾನು ಕೂಗುತ್ತೇನೆ, ಅವರು ಕೂಗುತ್ತಾರೆ, ಸಮೀಪ ಬಂದವರಿಗೆ ಸೋತವರು ಚಹಾ ಕುಡಿಸಬೇಕು. ಈ ಲೆಕ್ಕದಲ್ಲಿ ಸಾಹೇಬರು ನನ್ನಿಂದ ಒಂದು ಕೆರೆಯಷ್ಟು ಚಹಾ ಕುಡಿದಿದ್ದಾರೆ.

ಸಾಹೇಬರ ಅಂಕವೆಂದರೆ ಅಂಕ. ಸ್ನೇಹಕ್ಕೆ ಅರ್ಧ ಅಂಕ ಹೆಚ್ಚಿಲ್ಲ, ಸಿಟ್ಟಿಗೆ ಅರ್ಧ ಕಡಿಮೆಯಿಲ್ಲ. ಅವರ ಸ್ವಂತ ಅಳಿಯ ಕೊಂಡು ತಂದ ನಾಣ್ಯವನ್ನು ಬಿರಿಯಾನಿ ಬಡಿಸುತ್ತಿದ್ದ ಹೊತ್ತಿನಲ್ಲೇ "ಇದು ಡುಪ್ಲಿಕೇಟ್" ಎಂದವರು ಅವರು.

ಇಂಥವರ ಸಹವಾಸದಲ್ಲಿರುವಾಗ ನನಗೊಂದು ಸೆಂಟು ಸಿಕ್ಕಿತು. ಯಶವಂತಪುರದ ಗುಜರಿ ಅಂಗಡಿಯಲ್ಲಿ ಹಳೇ ಕಾಲಾಣೆಗಳನ್ನು ತಾಮ್ರದ ತೂಕಕ್ಕೆ ಕೊಂಡು ತಂದಿದ್ದೆ. ಸಾಹೇಬರು ಚೀಲಕ್ಕೆ ಕೈ ಹಾಕಿ ಒಂದನ್ನು ಹೊರತೆಗೆದು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಹದಿನೆಂಟುನೂರ ಎರಡನೆಯ ಇಸವಿಯ ಸೆಂಟು! ಮದರಾಸಿಗೆ ಒಂದು ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ಬರುತ್ತಿತ್ತಂತೆ. ಅದರ ಜೊತೆ ಬಂದ ಯಾವನೋ ನಾವಿಕ ಮಜ್ಜಿಗೆ ಕುಡಿದು ಅದರ ಬೆಲೆಗೆ ಇದನ್ನು ಎಸೆದು ಹೋಗಿರಬೇಕು ಎಂದು ನಾನು ಕಥೆ ಕಟ್ಟಿದೆ. ಸಾಹೇಬರು ಕಥೆ ಕೇಳಿಸಿಕೊಳ್ಳಲಿಲ್ಲ, ಹಿಂಬದಿ ತೋರಿಸಿದರು. ನೂರರಲ್ಲಿ ಒಂದು ಎಂಬ ಭಿನ್ನರಾಶಿ ಇರಬೇಕಾದ ಕಡೆ ಅಚ್ಚು ಕೊರೆದವನು ಒಂದರ ಕೆಳಗೆ ಮೂರು ಸೊನ್ನೆ ಸುತ್ತಿಬಿಟ್ಟಿದ್ದ. ಇನ್‌ಸ್ಪೆಕ್ಷನ್ ವಿಭಾಗದ ನನಗೆ ಇದಕ್ಕಿಂತ ಬೇರೆ ಸ್ವರ್ಗ ಬೇಕೇ? ಇನ್ನೂರು ವರ್ಷದ ಹಿಂದೆ ಯಾರೋ ಕೆಂಪು ಚೀಟಿ ಅಂಟಿಸಲು ಮರೆತದ್ದು ನನ್ನ ಅಂಗೈಯಲ್ಲಿ ಕೂತಿತ್ತು.

"ಅಂಗಡಿ ಲೈಟಲ್ಲಿ ಇಪ್ಪತ್ತೈದರ ಹಾಗೆ ಕಾಣ್ತಿದೆ. ಆದ್ರೆ ಹಗಲು ಬೆಳಕಲ್ಲಿ, ಕೂತು, ಸರಿಯಾಗಿ ನೋಡ್ಬೇಕು. ನಿಮ್ಮನೆಗೇ ಬರ್ತೀನಿ" ಎಂದರು ಸಾಹೇಬರು. ನೋಡಿದ ಮೇಲೆ ಹರಾಜಿನವರಿಗೆ ಕಳಿಸುವ ಮಾತಾಯಿತು. ಮಾರಾಟವಾದರೆ ಒಂದು ಒಳ್ಳೆಯ ಫ್ರಿಜ್ಜಿನಷ್ಟು ದುಡ್ಡು ಬರಬಹುದಿತ್ತು. ನನಗೆ ಫ್ರಿಜ್ಜಿಗಿಂತ ಆ ಪ್ಯಾರಾದ ಆಸೆ. ಕ್ಯಾಟಲಾಗಿನಲ್ಲಿ ನನ್ನ ನಾಣ್ಯದ ಕಿವಿ, ಗಲ್ಲ, ಬಣ್ಣ, ಕೊನೆಗೊಂದು ಅಂಕ. ಸಾಹೇಬರು ಬರುವ ತನಕ ನಾಣ್ಯಕ್ಕೆ ತೇವ ತಗಲದಂತೆ ಇರಬೇಕಿತ್ತು. ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆ ಕೆರೆಯ ಸಮೀಪ, ಬೀರುವಿನೊಳಗಿನ ಬಟ್ಟೆಗೂ ಮುಗ್ಗಲು ಹಿಡಿಯುತ್ತದೆ. ಎರಡು ಹೊತ್ತು ದೀಪ ಉರಿಯುವ ದೇವರಮನೆಯೇ ಎಲ್ಲಕ್ಕಿಂತ ಒಣಗಿದ ಜಾಗ ಎಂದು ಶೋಧಿಸಿ, ಕಾಗದದ ಲಕೋಟೆಯಲ್ಲಿಟ್ಟು ಅಲ್ಲಿಯ ಡ್ರಾಯರಿನಲ್ಲಿ ಭದ್ರಪಡಿಸಿದೆ. ಇದು ಪೂರ್ತಿ ನನ್ನ ಸ್ವಂತ ಬುದ್ಧಿ.

ಈಗ ದೊಡ್ಡವ್ವನ ವಿಷಯಕ್ಕೆ ಬರಬೇಕು. ನನ್ನ ತಾಯಿಯ ಅಕ್ಕ ಗಂಗವ್ವ. ಎಂಬತ್ತು ದಾಟಿದವಳು. ಗದಗಿನಲ್ಲಿ ಮೈದುನನ ಮಗನ ಮನೆಯಲ್ಲಿದ್ದವಳು ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದಿದ್ದಳು. ತಿಂಗಳಿಗೆಂದು ಬಂದವಳನ್ನು ನಾವು ಹೇಗೋ ಆರು ತಿಂಗಳು ಎಳೆದಿದ್ದೆವು. ಅವಳು ನಮ್ಮಲ್ಲೇ ಉಳಿಯಲಿ ಎಂಬುದು ನನ್ನ ಆಸೆ, ಸರೋಜಳದ್ದೂ ಅದೇ. ಆದರೆ ದೊಡ್ಡವ್ವ ಪ್ರತಿ ವಾರ, "ಬರೂ ಸೋಮವಾರ ಹೊಂಡತೀನಿ" ಎನ್ನುತ್ತಿದ್ದಳು. ನಾವು ಪ್ರತಿ ವಾರ ಒಂದು ನೆಪ ಹುಡುಕುತ್ತಿದ್ದೆವು. ಡಾಕ್ಟರು ಇನ್ನೊಮ್ಮೆ ನೋಡಬೇಕಂತೆ, ರೈಲು ತುಂಬಿದೆಯಂತೆ, ಅಲ್ಲಿ ಮಳೆಯಂತೆ. ನೆಪಗಳು ಮುಗಿಯುತ್ತ ಬಂದಿದ್ದವು.

ಈ ದೊಡ್ಡವ್ವ ನನ್ನ ಬಾಲ್ಯದ ದೊಡ್ಡವ್ವನಾಗಿರಲಿಲ್ಲ ಎಂಬುದೇ ನನ್ನ ಸಂಕಟ. ಪಂಚಮಿಯ ರಜೆಗೆ ಗದಗಿಗೆ ಹೋದರೆ ಹಬ್ಬಕ್ಕೆ ಮುಂಚೆ ತಾಮ್ರದ ಹಂಡೆ, ಕೊಡ, ತಂಬಿಗೆಗಳನ್ನು ತಿಕ್ಕುವ ಕೆಲಸ ಮಕ್ಕಳದ್ದು. ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ. ಹುಣಸೆಯಲ್ಲಿ ಅರ್ಧ ನಮ್ಮ ಹೊಟ್ಟೆಗೆ ಹೋಗುತ್ತಿತ್ತು. ಉಳಿದರ್ಧದಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿ ಸುಕ್ಕಾದ ಮೇಲೆ ದೊಡ್ಡವ್ವ ಬಂದು ಹಂಡೆಯೊಳಗೆ ಇಣುಕುತ್ತಿದ್ದಳು. ಅವಳ ಮುಖ ಅದರಲ್ಲಿ ಕಾಣಬೇಕು. ಕಾಣದಿದ್ದರೆ, "ಮಂಗ್ಯಾ, ಇದಕ್ಕ ತಿಕ್ಕೂದು ಅಂತಾರೇನು? ಸವರೂದು ಅಂತಾರ" ಎಂದು ಮತ್ತೆ ಕೂರಿಸುತ್ತಿದ್ದಳು. ಮೂರು ಸಲ ತಿಕ್ಕಿಸಿ ನಾಲ್ಕನೆಯ ಸಲ ಏನೂ ಹೇಳದೆ ಹೋದಳೆಂದರೆ ಅದೇ ಪಾಸು. ಕೇರಿಯಲ್ಲಿ ಅವಳ ಬಾಯಿಗೆ ಬೀಳದವರಿಲ್ಲ. ಊಟಕ್ಕೆ ಅವಳ ಮನೆಗೆ ಬಾರದವರೂ ಇಲ್ಲ.

ಅಂಥವಳು ಬೆಂಗಳೂರಿಗೆ ಬಂದ ಮೇಲೆ ಯಾವುದಕ್ಕೂ ಹೆಸರಿಡಲಿಲ್ಲ. ಸಾರು ಹೇಗಿದೆ ಎಂದರೆ "ಛಲೋ ಆಗೇತಿ". ಹಾಸಿಗೆ ಹೇಗಿದೆ ಎಂದರೆ "ಛಲೋ ಐತಿ". ಸೀರೆ, ಚಹಾ, ಟಿ.ವಿ. ಧಾರಾವಾಹಿ, ಎದುರು ಮನೆಯ ನಾಯಿ, ಎಲ್ಲವೂ ಛಲೋ. ನಾವೂ ಬಿಟ್ಟುಕೊಡಲಿಲ್ಲ. ಒಮ್ಮೆ ಅವಳ ಕೈಯಿಂದ ಸರೋಜಳ ತವರಿನ ಗಾಜಿನ ಲೋಟ ಬಿದ್ದು ಚೂರಾಯಿತು. ಸರೋಜ ಒಂದು ಕ್ಷಣ ಉಸಿರು ಬಿಗಿಹಿಡಿದು, "ಪರವಾಗಿಲ್ಲ ಬಿಡಿ ದೊಡ್ಡಮ್ಮ, ಅದು ಹಳೇದು" ಎಂದು ನಕ್ಕಳು. ದೊಡ್ಡವ್ವನ ಮುಖ ಸಣ್ಣದಾಯಿತು. ಎರಡು ದಿನ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ, ಗದಗಿನ ರೈಲು ಎಷ್ಟು ಗಂಟೆಗೆ ಎಂದು ಮೂರು ಸಲ ಕೇಳಿದಳು. ಲೋಟ ಒಡೆದ ನಾಚಿಕೆಯಿರಬೇಕೆಂದು ನಾವಿಬ್ಬರೂ ಮಾತಾಡಿಕೊಂಡೆವು.

ಶ್ರಾವಣ ಬಂತು. ಪೊರೆ ತೆಗೆಸಿದ ಮೇಲೆ ದೊಡ್ಡವ್ವನಿಗೆ ಲೋಕದ ಕೊಳೆಯೆಲ್ಲ ಒಮ್ಮೆಲೇ ಕಾಣತೊಡಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನೂ ಸರೋಜಳೂ ಹೂವು ಹಣ್ಣಿಗೆಂದು ಮಾರುಕಟ್ಟೆಗೆ ಹೋಗಿದ್ದೆವು. ಮನೆಯಲ್ಲಿ ದೊಡ್ಡವ್ವ ಒಬ್ಬಳೇ. ದೇವರಮನೆಯ ತಾಮ್ರದ ಸಾಮಾನನ್ನೆಲ್ಲ ಹಿತ್ತಿಲಿಗೆ ಹೊತ್ತು, ಹುಣಸೆಹಣ್ಣು ನೆನೆಹಾಕಿ, ಕೂತುಬಿಟ್ಟಿದ್ದಾಳೆ. ಡ್ರಾಯರೂ ತೆಗೆದಿದ್ದಾಳೆ. ಲಕೋಟೆಯಲ್ಲಿ ಕಪ್ಪಗೆ ಕಂಡ ತಾಮ್ರದ ಬಿಲ್ಲೆಯನ್ನು ನೋಡಿ, ಕಲಶಕ್ಕೆ ಹಾಕುವ ನಾಣ್ಯವಿರಬೇಕು, ಪಾಪ, ಎಷ್ಟು ವರ್ಷದಿಂದ ತಿಕ್ಕಿಲ್ಲವೋ ಎಂದುಕೊಂಡಿದ್ದಾಳೆ.

ಶುಕ್ರವಾರ ಬೆಳಗ್ಗೆ ಆರತಿಗೆ ನಿಂತಾಗ ನೋಡಿದೆ. ಕಲಶದ ಮುಂದೆ, ವೀಳ್ಯದೆಲೆಯ ಮೇಲೆ, ಗೀಸರಿಗೆ ಹೊಸದಾಗಿ ಹಾಕಿದ ತಾಮ್ರದ ಪೈಪಿನಂತೆ ಫಳಫಳ ಹೊಳೆಯುತ್ತ ಅಮೆರಿಕದ ಸ್ವಾತಂತ್ರ್ಯದೇವಿ ಕೂತಿದ್ದಳು. ನನ್ನ ಕೈಯಲ್ಲಿದ್ದ ಗಂಟೆ ನಿಂತಿತು.

ತಾಮ್ರದ ನಾಣ್ಯ ತಿಳಿದವರು ಯಾರೂ ಅದನ್ನು ತೊಳೆಯುವುದಿಲ್ಲ. ಹೊಸದರಲ್ಲಿ ಕೆಂಪಗಿದ್ದದ್ದು ವರ್ಷಗಳು ಉರುಳಿದಂತೆ ಕಂದಾಗುತ್ತದೆ. ಆ ಕಂದು ಅದರ ಚರ್ಮ. ಅದನ್ನು ಒಮ್ಮೆ ಕಿತ್ತರೆ ಮತ್ತೆ ಬರುವುದಿಲ್ಲ. ಹರಾಜಿನ ಕ್ಯಾಟಲಾಗಿನಲ್ಲಿ 'ತೊಳೆದದ್ದು' ಎಂಬ ಒಂದೇ ಮಾತು ಬರೆದು ಅಂಕವನ್ನೇ ಹಾಕದೆ ಮುಂದೆ ಹೋಗುತ್ತಾರೆ. ನನ್ನ ಫ್ರಿಜ್ಜು ಹತ್ತು ನಿಮಿಷದಲ್ಲಿ ಮಿಕ್ಸಿಯಾಗಿತ್ತು, ಪ್ಯಾರಾ ಪೂರ್ತಿ ಅಳಿಸಿಹೋಗಿತ್ತು.

"ನೋಡೋ ಮಲ್ಲ್ಯಾ, ಹೆಂಗ ಮಾಡೀನಿ! ಈಗ ಮಾರಿ ಕಾಣತೈತಿ ನೋಡು ಆಕೀದು" ಎಂದಳು ದೊಡ್ಡವ್ವ. ಆರು ತಿಂಗಳಲ್ಲಿ ಅಷ್ಟು ಸಂತೋಷವಾಗಿ ಅವಳನ್ನು ನೋಡಿರಲಿಲ್ಲ. ಸರೋಜ ನನ್ನ ಮುಖ ನೋಡಿದಳು, ನಾನು ಕಲಶದ ತೆಂಗಿನಕಾಯಿ ನೋಡಿದೆ. ಒಂದು ಲೋಟಕ್ಕೆ ಎರಡು ದಿನ ಕೊರಗಿದವಳು ಇದನ್ನು ತಿಳಿದರೆ ಸೋಮವಾರದವರೆಗೂ ಕಾಯುವವಳಲ್ಲ, ಅಂದೇ ಹೊರಡುತ್ತಾಳೆ. ಅದೊಂದು ನನಗೆ ಬೇಡವಾಗಿತ್ತು. "ಭಾಳ ಛಲೋ ಆಗೇದ ದೊಡ್ಡವ್ವ" ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಸಾಹೇಬರು ಬರುವುದು ಮುಂದಿನ ವಾರದ ಭಾನುವಾರ ಎಂದು ಗೊತ್ತಾಗಿತ್ತು. ದೊಡ್ಡವ್ವ ಅಷ್ಟು ದಿನವೂ ನಾಣ್ಯವನ್ನು ಬಿಡಲಿಲ್ಲ. ತರಕಾರಿಯವಳಿಗೆ ತೋರಿಸಿದಳು, ಗ್ಯಾಸ್ ತಂದವನಿಗೆ ತೋರಿಸಿದಳು. ಅದನ್ನು ಪರೀಕ್ಷೆ ಮಾಡಲು ಆರ್.ಟಿ. ನಗರದಿಂದ ಒಬ್ಬರು ಬರುತ್ತಾರೆಂದು ಹೇಗೋ ತಿಳಿದುಕೊಂಡು, ಸೆರಗಿನಿಂದ ದಿನಕ್ಕೊಮ್ಮೆ ಒರೆಸತೊಡಗಿದಳು. ಅವಳು ಒಂದೊಂದು ಸಲ ಒರೆಸಿದಾಗಲೂ ಇನ್‌ಸ್ಪೆಕ್ಷನ್ ವಿಭಾಗದವನ ಎದೆಯಲ್ಲಿ ಒಂದೊಂದು ಕೆಂಪು ಚೀಟಿ ಅಂಟಿತು.

ಸಾಹೇಬರಿಗೆ ಫೋನು ಮಾಡಿ ಗೋಗರೆದೆ. ವಿಷಯ ಕೇಳಿ ಅವರು, "ಯಾ ಅಲ್ಲಾ, ಹುಣಸೇಹಣ್ಣಾ?" ಎಂದರು. ಆಮೇಲೆ ಅವರ ಅಂಗಡಿಯ ಗೋಡೆಯ ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುವುದಷ್ಟೇ ನನಗೆ ಕೇಳಿಸಿತು.

"ದೊಡ್ಡವ್ವನ ಮುಂದೆ ಏನೋ ಒಂದು ಒಳ್ಳೇ ಅಂಕ ಹೇಳ್ಬಿಡಿ ಸಾಹೇಬ್ರೇ."

"ಅದಾಗಲ್ಲ ಮಲ್ಲಣ್ಣ. ಅಳಿಯನಿಗೇ ಸುಳ್ಳು ಹೇಳಿಲ್ಲ ನಾನು. ಬೇಡ ಅಂದ್ರೆ ಬರೋದೇ ಇಲ್ಲ."

"ಹೋಳಿಗೆ ಮಾಡಿಸ್ತೀನಿ."

ಮತ್ತೆ ಟಿಕ್ ಟಿಕ್. "ಸರಿ. ನಾನಾಗಿ ಏನೂ ಹೇಳಲ್ಲ. ಆದ್ರೆ ಅವರು ಕೇಳಿದ್ರೆ ಸುಳ್ಳು ಬರಲ್ಲ ನನ್ ಬಾಯಲ್ಲಿ" ಎಂದರು. ದೊಡ್ಡವ್ವ ಕೇಳದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿಯಾಯಿತು.

ಭಾನುವಾರ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು, ಆಟೋದಿಂದ ಇಳಿದರು. ನಮ್ಮ ಉಪಾಯ ಪಕ್ಕಾ ಇತ್ತು. ಸಾಹೇಬರು ಕೂತ ಕೂಡಲೇ ಸರೋಜ ದೊಡ್ಡವ್ವನನ್ನು ಅಡುಗೆಮನೆಗೆ ಕರೆಯುವುದು, ನಾನು ಬಾಗಿಲು ಮುಂದೆ ಮಾಡುವುದು. ಆದರೆ ದೊಡ್ಡವ್ವ ಹೊಸ ಇಳಕಲ್ ಸೀರೆ ಉಟ್ಟು ಸಾಹೇಬರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಸರೋಜ ಒಳಗಿನಿಂದ ನಾಲ್ಕು ಸಲ "ದೊಡ್ಡಮ್ಮಾ" ಎಂದು ಕರೆದಳು. "ಬಂದೆ ತಡಿಯವಾ" ಎಂದಳೇ ಹೊರತು ಕದಲಲಿಲ್ಲ.

ಸಾಹೇಬರು ಕೈ ತೊಳೆದು ಒರೆಸಿಕೊಂಡು, ಮಡಿಲಲ್ಲಿ ಮೆತ್ತನೆಯ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ಭೂತಗನ್ನಡಿಯ ಹಿಂದೆ ಅವರ ಕಣ್ಣು ಒಮ್ಮೆ ಮುಚ್ಚಿ ತೆರೆದದ್ದು ನನಗೆ ಕಂಡಿತು. ಏನೂ ಹೇಳದೆ ಕೆಳಗಿಟ್ಟು, "ಹೋಳಿಗೆ ವಾಸನೆ ಚೆನ್ನಾಗ್ ಬರ್ತಿದೆ" ಎಂದರು.

"ಎಷ್ಟು ಬಿತ್ರೀ ಸಾಹೇಬ್ರ, ಮಾರ್ಕು?" ಎಂದು ದೊಡ್ಡವ್ವ ಕೇಳಿಯೇಬಿಟ್ಟಳು.

ಸಾಹೇಬರು ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ಭೂತಗನ್ನಡಿ ತೆಗೆದು ಜೇಬಿಗಿಟ್ಟರು. ಮೊದಲ ಬಾರಿಗೆ ಅವರ ಎರಡೂ ಕಣ್ಣು ಒಟ್ಟಿಗೆ ನೋಡಿದೆ.

"ಅಮ್ಮಾ, ತೊಳೆಯೋಕೆ ಮುಂಚೆ ಇಪ್ಪತ್ತೈದು ಇತ್ತು. ಈಗ ನಂಬರ್ ಇಲ್ಲ."

"ಇಲ್ಲಂದ್ರ? ಫೇಲೇನ್ರಿ?"

"ಫೇಲ್ ಅಲ್ಲಮ್ಮ. ತೊಳೆದಿದ್ದನ್ನ ಪರೀಕ್ಷೆಗೇ ಕೂರಿಸಲ್ಲ. ಆ ಕಪ್ಪು ಬಣ್ಣ ಇತ್ತಲ್ಲ, ಅದೇ ಅದರ ಬೆಲೆ. ನಿಮಗೆ ಗೊತ್ತಿರಲಿಲ್ಲ, ನಿಮ್ದೇನೂ ತಪ್ಪಿಲ್ಲ."

ದೊಡ್ಡವ್ವ ನಾಣ್ಯವನ್ನು ನೋಡಿದಳು, ಆಮೇಲೆ ನನ್ನನ್ನು. "ನಿನಗ ಗೊತ್ತಿತ್ತೇನೋ?" ಎಂದಳು.

"ಗೊತ್ತಿತ್ತು ದೊಡ್ಡವ್ವ."

"ಯಾವಾಗಿಂದ?"

"ಹಬ್ಬದ ದಿನದಿಂದ. ಹೋಗ್ಲಿ ಬಿಡು, ಏನ್ ದೊಡ್ಡದಲ್ಲ, ಪರವಾ ಇಲ್ಲ..."

"ಬಾಯಿ ಮುಚ್ಚು!" ಎಂದಳು ದೊಡ್ಡವ್ವ. ಸಾಹೇಬರ ಮಡಿಲಿನ ಬಟ್ಟೆ ಕೆಳಗೆ ಬಿತ್ತು. "ಪರವಾ ಇಲ್ಲಂತ! ಲೋಟ ಒಡದ್ನಿ, ಪರವಾ ಇಲ್ಲ. ರೊಕ್ಕ ಹಾಳು ಮಾಡೀನಿ, ಪರವಾ ಇಲ್ಲ. ನಾ ಏನು ಬೀಗರ ಪೈಕಿಯೇನೋ ನಿಮಗ? ಎಂಟು ದಿನ ಎಲ್ಲಾರ ಮುಂದ ತೋರಿಸಿಕೋತ ಅಡ್ಡಾಡೀನಿ, ಒಂದು ಮಾತು ಬೈಲಿಲ್ಲಲ್ಲೋ! ಬೈಯಾಕೂ ಬ್ಯಾಡಾದೆನೇನು ನಾನು?"

ಅವಳ ಕಣ್ಣು ತುಂಬಿತ್ತು. ನಾನು ಆರು ತಿಂಗಳಿಂದ ಅವಳನ್ನು ಉಳಿಸಿಕೊಳ್ಳಲೆಂದು ಬಾಯಿ ಬಿಗಿಹಿಡಿದು ಮಾಡಿದ್ದೆಲ್ಲ ಅವಳನ್ನು ಹೊರಗೆ ಕೂರಿಸಿತ್ತು. ಇಷ್ಟು ದೊಡ್ಡ ದೋಷ ಇನ್‌ಸ್ಪೆಕ್ಷನ್ ವಿಭಾಗದ ಕಣ್ಣಿಗೆ ಬಿದ್ದಿರಲಿಲ್ಲ.

"ಬೈಯೋ" ಎಂದಳು.

"ಸಾಹೇಬ್ರ ಮುಂದೆ ಹೆಂಗ..."

"ಅವರೂ ಕೇಳ್ಲಿ. ಬೈ!"

ನಾನು ಎದ್ದು ನಿಂತೆ. ಮೊದಲ ಮಾತು ಬೆಂಗಳೂರಿನ ಹದದಲ್ಲಿ ಬಂತು, ಎರಡನೆಯದಕ್ಕೆ ಗದಗು ಬಂದುಬಿಟ್ಟಿತು. "ಅಲ್ಲ ದೊಡ್ಡವ್ವ, ಕೇಳೂದಿಲ್ಲ, ಹೇಳೂದಿಲ್ಲ, ಕಂಡಿದ್ದೆಲ್ಲಾ ತಿಕ್ಕೂದೇನು? ಇನ್ನೂರು ವರ್ಷದ ಬಣ್ಣ! ಎಲ್ಲೆಲ್ಲಿಂದ ಹಡಗ ಹತ್ತಿ ಬಂದು, ಗುಜರ್ಯಾಗ ಬಿದ್ದು, ಏನೂ ಆಗಲಾರದ್ದು ನಿನ್ನ ಕೈಯಾಗ ಒಂದು ದಿನ ಬಾಳಲಿಲ್ಲಲ್ಲ! ಲಕೋಟ್ಯಾಗ ಇಟ್ಟಾರಂದ್ರ ಯಾಕ ಇಟ್ಟಾರು ಅಂತ ಕೇಳಬೇಕೋ ಬ್ಯಾಡೋ? ನನ್ನ ಫ್ರಿಜ್ಜು ಹೋತು, ನನ್ನ ಹೆಸರು ಹೋತು, ಹೊಟ್ಟಿ ಉರದು ಎಂಟು ದಿನ ನಿದ್ದಿ ಇಲ್ಲ ನನಗ!"

ಹೇಳುತ್ತ ಹೇಳುತ್ತ ನನಗೆ ಎಷ್ಟು ಹಗುರವಾಯಿತೆಂದರೆ, ಇನ್ನೂ ಸ್ವಲ್ಪ ಬೈಯೋಣವೆನಿಸಿತು. ಅಷ್ಟರಲ್ಲಿ ದೊಡ್ಡವ್ವ ಕಣ್ಣೊರೆಸಿಕೊಂಡು ಸೆಟೆದು ಕೂತಿದ್ದಳು.

"ಆತೇನು? ಇನ್ನ ನಂದು ಕೇಳು. ಅಷ್ಟು ಕಿಮ್ಮತ್ತಿನದನ್ನ ದೇವರ ಮುಂದ ತಾಮ್ರದ ಸಾಮಾನಿನಾಗ ಇಟ್ಟವ ಯಾವ? ತಿಜೋರಿ ಇರಲಿಲ್ಲೇನು ಮನ್ಯಾಗ? ದೇವರ ಕ್ವಾಣಿಯಾಗ ತಾಮ್ರ ಕಪ್ಪಗ ಕುಂತ್ರ ಯಾವ ಹೆಣಮಗಳು ಬಿಟ್ಟಾಳು? ಶಾಣ್ಯಾ ಅಂತ ಫ್ಯಾಕ್ಟರ್ಯಾಗ ಪಗಾರ ಕೊಟ್ರು ನಿನಗ, ಮಂಗ್ಯಾನಂಥವಗ!"

"ಕರೆಕ್ಟ್ ಅಮ್ಮ. ದೇವರ ಮನೇಲಿ ಇಟ್ಟಿದ್ದು ಇವರದ್ದೇ ತಪ್ಪು" ಎಂದರು ಸಾಹೇಬರು. ಯಾರೂ ಅವರನ್ನು ಕೇಳಿರಲಿಲ್ಲ.

ಗದ್ದಲಕ್ಕೆ ಹೆದರಿ ಸರೋಜ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಓಡಿ ಬಂದಳು. ದೊಡ್ಡವ್ವ ಅವಳ ಕಡೆ ತಿರುಗಿದಳು. ಐವತ್ತು ವರ್ಷದ ಹಿಂದೆ ಹಂಡೆಯೊಳಗೆ ಇಣುಕುತ್ತಿದ್ದ ಅದೇ ಮುಖ.

"ನೀನೂ ಅಷ್ಟ ಸರೋಜಾ. ಆರು ತಿಂಗಳಾತು ನಿಮ್ಮ ಮನಿಗೆ ಬಂದು, ನಿನ್ನ ಸಾರಿಗೆ ಖಾರ ಇಲ್ಲ, ಹುಳಿ ಇಲ್ಲ. ಜ್ವರ ಬಂದವರು ಉಣ್ಣೂ ಊಟ. ಛಲೋ ಆಗೇತಿ, ಛಲೋ ಆಗೇತಿ ಅಂತ ನುಂಗಿ ನುಂಗಿ ನಾಲಿಗಿ ಸತ್ತುಹೋಗೇತಿ ನಂದು."

ನಾನು ಕಣ್ಣು ಮುಚ್ಚಿಕೊಂಡೆ. ನಮ್ಮ ಮದುವೆಯಾದಾಗಿನಿಂದ ಸರೋಜಳ ಸಾರಿಗೆ ಯಾರೂ ಹೀಗೆ ಅಂದದ್ದಿಲ್ಲ. ಸರೋಜ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವಳ ತುಟಿ ಅದುರಿತು. ಅಳುತ್ತಾಳೆಂದುಕೊಂಡೆ, ನೋಡಿದರೆ ನಗು.

"ಇದನ್ನ ಮೊದ್ಲೇ ಹೇಳ್ಬಾರ್ದಾ ದೊಡ್ಡಮ್ಮ! ಆಪರೇಷನ್ ಆದವರು, ವಯಸ್ಸಾದವರು, ನಿಮ್ಗೆ ಆಗಲ್ಲ ಅಂತ ನಾನೇ ಖಾರ ಕಮ್ಮಿ ಮಾಡಿದ್ದು. ನಿಮ್ ದೆಸೆಯಿಂದ ನಾವಿಬ್ರೂ ಆರು ತಿಂಗಳಿಂದ ಸಪ್ಪೆ ತಿಂತಾ ಇದೀವಿ ಕಣ್ರೀ! ಇವರಂತೂ ಹೊರಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದ್ಕೊಂಡು ಬರ್ತಾರೆ, ನಂಗೇನೂ ಗೊತ್ತಿಲ್ಲ ಅಂದ್ಕೊಂಡಿದಾರೆ."

ಸಾಹೇಬರು ಎರಡನೆಯ ಹೋಳಿಗೆ ಮುರಿಯುತ್ತ, ಬಜ್ಜಿಯ ವಿಷಯ ನಿಜವೆಂದು ಸಾಕ್ಷಿ ನುಡಿದರು.

ದೊಡ್ಡವ್ವ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ಕಡೆ ಸರಿಯವಾ" ಎಂದು ಸರೋಜಳನ್ನು ದಾಟಿ ಅಡುಗೆಮನೆಗೆ ನಡೆದಳು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಇಡೀ ಪುಟ್ಟೇನಹಳ್ಳಿಗೆ ಕೇಳುವಂತೆ ಅವಳ ಧ್ವನಿ ಬಂತು.

"ಮಲ್ಲ್ಯಾ, ಇದೇನೋ ಇದು, ಪ್ಯಾಕೀಟಿನ ಖಾರಪುಡಿ? ಮಳಿ ನಿಂತು ಬಿಸಲು ಬೀಳ್ಲಿ, ಬ್ಯಾಡಗಿ ಮೆಣಸಿನಕಾಯಿ ತರ್ಸು. ವರ್ಷಕ್ಕಾಗೂವಷ್ಟು ಕುಟ್ಟಸೂಣು."